ಹಳ್ಳ ದಾಟಿದ ಜೀಪು

"ಅಮ್ಮಾ, ಇನ್ನು ಮುಂದೆ ನಾನೊಬ್ಬನೇ ಊರೂರಿಗೆ ಹೋಗಿ ಪ್ರವಚನ ಮಾಡಬಹುದೇ?" ಎಂದು ನಿರುಪಾದಿ ಕೇಳಿದ.

ಆಶ್ರಮದಲ್ಲಿ ಗುರುವನ್ನು ಎಲ್ಲರೂ ಅಮ್ಮ ಎಂದೇ ಕರೆಯುತ್ತಿದ್ದರು. ನಿರುಪಾದಿ ಶಿಷ್ಯನಾಗಿ ಬಂದ ಹೊಸದರಲ್ಲಿ ನಾಲ್ಕು ಜನರ ಮುಂದೆ ನಿಂತರೆ ಮಾತು ಮಾತಿಗೂ ತಡವರಿಸುತ್ತಿದ್ದ. ಅಮ್ಮ ವರ್ಷಗಟ್ಟಲೆ ಅವನನ್ನು ತಿದ್ದಿದ್ದರು. ಈಗ ಅವನು ಎದ್ದು ನಿಂತರೆ ಸಾಕು, ಮಾತು ತಾನಾಗಿಯೇ ಬರುತ್ತಿತ್ತು.

"ನಿನ್ನೆಯ ನನ್ನ ಪ್ರವಚನ ನೀವೇ ಕೇಳಿದಿರಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಂಗಡಿಯವನ ಜಿಪುಣತನದ ಮೇಲೆ ಒಂದು ಮಾತು ಬಿಟ್ಟೆ ನೋಡಿ, ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು."

"ಕೇಳಿದೆ. ಅಂಗಡಿಯವನು ಎದ್ದು ಹೋದದ್ದನ್ನೂ ನೋಡಿದೆ," ಎಂದರು ಅಮ್ಮ. "ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಹಳ್ಳಿಗೂ ಅದರ ಮಕ್ಕಳು ಕಲಿಯುವ ಶಾಲೆಗೂ ನಡುವೆ ಒಂದು ಹಳ್ಳ, ಹಳ್ಳದಾಚೆ ಒಂದು ದಿಣ್ಣೆ. ಸೇತುವೆ ಬಂದೇ ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಬಂದು ಹೇಳಿ ಹೋಗುತ್ತಿದ್ದರು. ಮಕ್ಕಳು ಮಾತ್ರ ದೂರದ ಕಾಲುಸಂಕ ಸುತ್ತಿಕೊಂಡು ನಡೆದು ಬರುತ್ತಿದ್ದರು. ಕೊನೆಗೆ ಶಾಲೆಯವರು ಮಕ್ಕಳಿಗಾಗಿ ಒಂದು ಜೀಪು ಗೊತ್ತು ಮಾಡಲು ನಿರ್ಧರಿಸಿದರು.

ಆ ಹಳ್ಳಿಯಲ್ಲಿ ಒಬ್ಬ ಜೀಪಿನವನಿದ್ದ. ಮದುವೆ ದಿಬ್ಬಣ ಸಿಕ್ಕರೆ ದುಡಿಮೆ, ಸಿಗದಿದ್ದರೆ ಜೀಪು ಒರೆಸುತ್ತ ಕೂರುವುದು. ವರ್ಷವಿಡೀ ನಡೆಯುವ ಈ ಕೆಲಸ ತನಗೇ ಸಿಗಬೇಕೆಂದು ಅವನು ಹಂಬಲಿಸಿದ. ಶಾಲೆಯ ಹೆಡ್‌ಮಿಸ್ ಅವನ ಹಳ್ಳಿಗೇ ಬಂದರು. "ಮೊದಲು ನನ್ನನ್ನು ಶಾಲೆಗೆ ಮುಟ್ಟಿಸಪ್ಪ. ಆಮೇಲೆ ಮಕ್ಕಳ ಮಾತು," ಎಂದು ಅವನ ಪಕ್ಕ ಹತ್ತಿ ಕೂತರು.

ಹಳ್ಳದ ನಟ್ಟನಡುವೆ ಜೀಪು ನಿಂತುಹೋಯಿತು. ನೀರು ಬಾನೆಟ್ ಮುಟ್ಟಿತ್ತು.

"ಸೆಲ್ಫ್ ಹೊಡಿಯಪ್ಪ," ಎಂದರು ಹೆಡ್‌ಮಿಸ್, ಕಾಲು ಮೇಲೆತ್ತಿಕೊಂಡು.

"ಈಗ ಹೊಡೆದರೆ ಎಂಜಿನ್ ಕತೆ ಮುಗೀತು ಮೇಡಂ. ಒಳಗೆ ನೀರು ಎಳೆದುಕೊಂಡಿದೆ. ಗಾಳಿಯನ್ನಾದರೆ ಎಂಜಿನ್ ಒತ್ತುತ್ತೆ, ನೀರನ್ನು ಒತ್ತೋಕೆ ಆಗಲ್ಲ. ನೀರು ಬಗ್ಗಲ್ಲ, ಒಳಗಿನ ರಾಡ್ ಬಗ್ಗುತ್ತೆ."

ದಡದಲ್ಲಿದ್ದ ಒಬ್ಬ ರೈತ ಎತ್ತು ಕಟ್ಟಿ ಜೀಪನ್ನು ಆಚೆಗೆ ಎಳೆದುಕೊಟ್ಟ. "ಮೇಡಂ, ಮಕ್ಕಳನ್ನು ನನ್ನ ಎತ್ತುಗಳಿಗೇ ಒಪ್ಪಿಸಿಬಿಡಿ, ಅವು ನೀರು ಕುಡಿದರೂ ನಡೀತವೆ," ಎಂದು ನಕ್ಕ. ಅಷ್ಟರಲ್ಲಿ ಜನ ಸೇರಿದರು. ಜನ ಸೇರಿದ ಮೇಲೆ ಸಲಹೆಗಳೂ ಸೇರಿದವು. ಗೇರಿಗೆ ಹಾಕು, ನಾವು ತಳ್ಳುತ್ತೇವೆ ಎಂದು ಕೆಲವರು ತೋಳು ಏರಿಸಿದರು. ಜೀಪಿನವನು ಯಾರನ್ನೂ ಮುಟ್ಟಗೊಡಲಿಲ್ಲ. ತಳ್ಳಿದರೂ ಒಳಗೆ ಅದೇ ರಾಡ್ ಬಗ್ಗುತ್ತದೆಂದು ಅವನಿಗೆ ತಿಳಿದಿತ್ತು.

ಅವನು ಮೊದಲು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದ. ಆಯಿಲ್‌ಗೆ ನೀರು ಬೆರೆತಿದ್ದರೆ ಅದಕ್ಕೆ ಹಾಲು ಹೆಚ್ಚಾದ ಚಹಾದ ಬಣ್ಣ ಬರುತ್ತದೆ. ಬಂದಿರಲಿಲ್ಲ. ಏರ್ ಫಿಲ್ಟರ್ ಬಿಚ್ಚಿದ. ಅದು ತೊಯ್ದು ತೊಪ್ಪೆಯಾಗಿತ್ತು. ನೀರು ಯಾವ ದಾರಿಯಿಂದ ಹೋಯಿತೆಂದು ಅಲ್ಲಿಗೆ ಗೊತ್ತಾಯಿತು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್‌ಗಳನ್ನು ಒಂದೊಂದಾಗಿ ಕಳಚಿ ಬಿಸಿಲಿಗಿಟ್ಟ. ಅವುಗಳಿಗೆ ಕರೆಂಟು ಹಂಚುವ ಮುಚ್ಚಳವನ್ನು ತೆಗೆದು, ತನ್ನ ಅಂಗಿಯ ಒಣ ತುದಿಯಿಂದ ಒಳಗೆಲ್ಲ ಒರೆಸಿದ. ಆಮೇಲೆ ಎಲ್ಲರನ್ನೂ ದೂರ ನಿಲ್ಲಲು ಹೇಳಿ ಸೆಲ್ಫ್ ಹೊಡೆದ. ಪ್ಲಗ್ ಇದ್ದ ತೂತುಗಳಿಂದ ನೀರು ಚಿಮ್ಮಿತು. ದೂರ ನಿಲ್ಲದ ರೈತನ ಮುಖ ತೊಳೆದುಹೋಯಿತು.

ಎಲ್ಲವನ್ನೂ ಒಣಗಿಸಿ ಮತ್ತೆ ಜೋಡಿಸಿದ. ಕೀಲಿ ತಿರುಗಿಸಿದ. ಜೀಪು ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಆಮೇಲೆ ಹದವಾಗಿ ಓಡತೊಡಗಿತು. ಜನ ಕೇಕೆ ಹಾಕಿದರು.

"ಬಲ್ಲವನು!" ಎಂದ ನಿರುಪಾದಿ.

"ಬಲ್ಲವನೇ," ಎಂದರು ಅಮ್ಮ. "ಅಷ್ಟು ಜನ ಅವಸರ ಮಾಡುವಾಗ ಒಬ್ಬನೇ ಸಾವಧಾನವಾಗಿರುವುದು ಸುಲಭವಲ್ಲ. ಮುಂದೆ ಕೇಳು."

ದಿಣ್ಣೆ ಏರುವಾಗ ಹೆಡ್‌ಮಿಸ್ ಮನಸಾರೆ ಹೊಗಳಿದರು. ಇಂಥ ಸಮಾಧಾನದ ಮನುಷ್ಯನನ್ನು ತಾನು ಕಂಡಿಲ್ಲ ಎಂದರು. ಸೋಮವಾರದಿಂದಲೇ ಮಕ್ಕಳನ್ನು ಕರೆತಾ ಎಂದರು. ಜೀಪಿನವನ ಎದೆ ಉಬ್ಬಿತು. ದಿಣ್ಣೆಯ ತುದಿ ದಾಟಿದ್ದೇ, ಇಳಿಜಾರಿನಲ್ಲಿ ಟಾಪ್ ಗೇರಿಗೆ ಹಾಕಿ ಜೀಪನ್ನು ಓಡಬಿಟ್ಟ. ಎಂಜಿನ್ನಿನ ಸದ್ದು ಶಾಲೆಯವರೆಗೂ ಕೇಳಲಿ ಎಂಬುದು ಅವನ ಆಸೆ.

ಕೇಳಿತು. ಮಕ್ಕಳೆಲ್ಲ ಹೊರಗೆ ಓಡಿಬಂದು ರಸ್ತೆಯಲ್ಲೇ ನಿಂತು ಚಪ್ಪಾಳೆ ತಟ್ಟಿದರು.

ಜೀಪಿನವನು ಬ್ರೇಕ್ ತುಳಿದ. ಜೀಪು ಅದೇ ವೇಗದಲ್ಲಿ ಇಳಿಯಿತು.

ಹಳ್ಳದ ನೀರು ಎಂಜಿನ್ನಿಗೆ ಮಾತ್ರ ಹೋಗಿರಲಿಲ್ಲ. ನಾಲ್ಕೂ ಚಕ್ರಗಳ ಬ್ರೇಕಿನೊಳಗೂ ಹೋಗಿತ್ತು. ತೊಯ್ದ ಬ್ರೇಕ್ ಹಿಡಿಯುವುದಿಲ್ಲ, ಜಾರುತ್ತದೆ. ದಡ ಹತ್ತಿದ ಮೇಲೆ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು ಸ್ವಲ್ಪ ದೂರ ನಿಧಾನಕ್ಕೆ ಓಡಿಸಿದ್ದರೆ ಅದು ಬಿಸಿಯಾಗಿ ಒಣಗುತ್ತಿತ್ತು. ಇದು ಅವನಿಗೆ ತಿಳಿಯದ ವಿಷಯವಲ್ಲ. ಹೊಗಳಿಕೆ ಕೇಳುತ್ತ ಕಾಲಿಗೆ ಅದು ಮರೆತುಹೋಗಿತ್ತು.

ಅವನು ಹಾರನ್ ಒತ್ತಿ ಹಿಡಿದ. ಮಕ್ಕಳು ಎರಡೂ ಬದಿಗೆ ಚದುರಿದರು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಚಪ್ಪಾಳೆಗೆ ಎತ್ತಿದ ಕೈ ಎತ್ತಿಕೊಂಡೇ ನಿಂತಳು. ಜೀಪಿನವನು ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಜೀಪು ಅವಳ ಲಂಗ ಗಾಳಿಗೆ ಹಾರುವಷ್ಟು ಹತ್ತಿರದಲ್ಲಿ ಪಕ್ಕಕ್ಕೆ ಸರಿದು, ಗದ್ದೆಗಿಳಿದು, ಹುಲ್ಲಿನ ಬಣವೆಯೊಳಗೆ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಣವೆಯೊಳಗೆ ಎಂಜಿನ್ ಇನ್ನೂ ಹದವಾಗಿ ಓಡುತ್ತಲೇ ಇತ್ತು.

ಹೆಡ್‌ಮಿಸ್ ಇಳಿದು ಹೋಗಿ ಹುಡುಗಿಯನ್ನು ಎತ್ತಿಕೊಂಡರು. ಜೀಪಿನವನು ಹುಲ್ಲು ಸರಿಸಿಕೊಂಡು ಹಿಂದೆಯೇ ಓಡಿಬಂದ.

"ಮೇಡಂ, ಎಂಜಿನ್‌ದು ಏನೂ ತಪ್ಪಿಲ್ಲ. ನೀವೇ ಕೇಳಿ, ಹೇಗೆ ಓಡ್ತಿದೆ!"

"ಕೇಳಿಸ್ತಾ ಇದೆಯಪ್ಪ," ಎಂದರು ಹೆಡ್‌ಮಿಸ್. "ಸೋಮವಾರ ಮಕ್ಕಳು ನಡೆದೇ ಬರ್ತಾರೆ."

ಅಮ್ಮ ಕತೆ ಮುಗಿಸಿದರು.

ನಿರುಪಾದಿಯ ಕಣ್ಣು ಹೊಳೆಯಿತು. "ಎಂಥ ದೃಷ್ಟಾಂತ ಅಮ್ಮಾ! ಇದನ್ನು ನಾನು ನಾಳೆಯೇ ಹೇಳುತ್ತೇನೆ. ಹಳ್ಳ ಎಂದರೆ ಸಂಸಾರ, ಅಲ್ಲವೇ? ಒಳಗೆ ಹೋದ ನೀರು ಅಹಂಕಾರ. ಎತ್ತುಗಳು ಗುರುಕೃಪೆ. ಆ ರೈತನ ಮುಖ ತೊಳೆದದ್ದಕ್ಕೂ ಒಂದು ಅರ್ಥ ಹೇಳಬಹುದು. ಇನ್ನು ಪ್ಲಗ್‌ಗಳನ್ನು ತೆಗೆದುಕೊಂಡರೆ, ಅವನ್ನು ಇಂದ್ರಿಯಗಳೆಂದು..." ಎಂದು ಅವನು ಕೈಯಾಡಿಸುತ್ತ ಎದ್ದೇ ನಿಂತ. ಮಾತಿನಲ್ಲೇ ಬಣವೆಯವರೆಗೂ ಹೋದ, ಬಣವೆಯಿಂದ ಮತ್ತೆ ಹಳ್ಳಕ್ಕೆ ಬಂದ.

ಅಮ್ಮ ತಡೆಯಲಿಲ್ಲ. ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದರು.

"ನಿನ್ನ ಮಾತು ಓಡುವುದನ್ನು ಊರೆಲ್ಲ ಕೇಳಿದೆ ನಿರುಪಾದಿ, ಅದು ನಿಲ್ಲುವುದನ್ನು ಒಮ್ಮೆ ನನಗೆ ಕೇಳಿಸು, ಆಮೇಲೆ ಹೋಗು."