ಹೊಳೆ ಈಸಿ ಬಂದ ಆಕಳ ಹಾಲು

ಭೀಮಾ ತೀರದ ದಿಬ್ಬದ ಮೇಲಿನ ಸಣ್ಣ ಮಠದಲ್ಲಿ ಪೂಜ್ಯ ಗುರುಸಂಗಯ್ಯ ಅಜ್ಜನವರು ಬಾಳಿ ಬೆಳಗಿದ ಕಾಲದ ಮಾತಿದು. ಆ ವರ್ಷ ಹೊಳೆ ಊರೊಳಗೆ ನುಗ್ಗಿ, ಕೆಳಗಿನ ಓಣಿಗಳ ಜನವೆಲ್ಲ ಮಠಕ್ಕೆ ಬಂದು ಸೇರಿತ್ತು. ದಾಸೋಹದ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ್ಶನಕ್ಕೆ ಬಂದವರು ಅಜ್ಜನವರನ್ನು ಒಳಗೆ ಹುಡುಕುತ್ತಿದ್ದರು. ಅವರೋ ಕಾವಿಯನ್ನು ಮೊಣಕಾಲಿಗೆ ಏರಿಸಿಕೊಂಡು ಅಂಗಳದ ಕೆಸರು ಬಳಿದು ಹೊರಹಾಕುತ್ತಿದ್ದರು.

ಹಾಗೆ ಬಂದು ಸೇರಿದವರಲ್ಲಿ ಶಿವಗಂಗವ್ವನ ಮನೆಯವರೂ ಇದ್ದರು. ಅವಳ ಭಕ್ತಿ ಇಡೀ ಊರಿಗೇ ಗೊತ್ತು. ದಿನಾ ನಸುಕಿನಲ್ಲಿ ತನ್ನ ಆಕಳ ಹಾಲು ಕರೆದು, ಅಭಿಷೇಕಕ್ಕೆಂದು ಮಠಕ್ಕೆ ಮುಟ್ಟಿಸದೆ ಅವಳು ಬಾಯಿಗೆ ಚಹಾ ಹಾಕಿದವಳಲ್ಲ. ನೀರು ಏರಿ ಬಂದಾಗ ಪೆಟ್ಟಿಗೆಯಲ್ಲಿದ್ದ ಬಂಗಾರ ಮರೆತಳು, ಆಕಳನ್ನು ಮಾತ್ರ ಮರೆಯಲಿಲ್ಲ. ಅದು ಕಣ್ಣು ಬಿಟ್ಟುಕೊಂಡು ಒದರುತ್ತ, ಈಸಿ ದಿಬ್ಬ ಹತ್ತಿತು. ಹಿಂದೆಯೇ ತೆಪ್ಪದಲ್ಲಿ ಸೊಸೆ ಕಸ್ತೂರಿ, ಹಸಿಗೂಸನ್ನು ಎದೆಗೆ ಅವಚಿಕೊಂಡು ನಡುಗುತ್ತ ಬಂದಳು.

ಗಾಬರಿಯಾದ ಬಾಣಂತಿಯ ಹಾಲು ಕೆಟ್ಟುಹೋಗುತ್ತದೆ, ಕುಡಿದ ಕೂಸು ಉಳಿಯುವುದಿಲ್ಲ ಎಂಬುದು ಶಿವಗಂಗವ್ವನ ಗಟ್ಟಿ ನಂಬಿಕೆ. ಮಠ ಮುಟ್ಟಿದ ಕೂಡಲೇ ಅವಳು, ಕೂಸಿಗೆ ಮೊಲೆಯೂಡಿಸಬಾರದೆಂದು ಸೊಸೆಗೆ ಆಣೆ ಹಾಕಿದಳು. ಪರಿಹಾರದ ಗಾಡಿಯಲ್ಲಿ ಬಂದ ಹಾಲಿನ ಪುಡಿಯನ್ನು ಸಿಕ್ಕ ನೀರಿನಲ್ಲಿ ಕಲಸಿ ತಾನೇ ಕುಡಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಮೊಮ್ಮಗನೆಂದರೆ ಅವಳಿಗೆ ಜೀವ. ಆದರೆ ಕೂಸಿಗೆ ಭೇದಿ ಹತ್ತಿತು. ಇತ್ತ ಕಸ್ತೂರಿ ಎದೆ ಬಿಗಿದು, ಕುಪ್ಪಸ ತೊಯ್ದು, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸುತ್ತ ಪಡಸಾಲೆಯ ತುಂಬ ಗಂಡಸರು. ಕೆಲವು ದಿನಗಳಲ್ಲಿ ಕುಪ್ಪಸ ತೊಯ್ಯುವುದೂ ನಿಂತಿತು.

ಒಂದು ಮುಂಜಾನೆ ಶಿವಗಂಗವ್ವ ಒಂದು ಕೈಯಲ್ಲಿ ಅಭಿಷೇಕದ ಹಾಲಿನ ತಂಬಿಗೆ, ಇನ್ನೊಂದು ತೋಳಿನಲ್ಲಿ ಕೂಸನ್ನು ಹಿಡಿದು ಅಜ್ಜನವರ ಮುಂದೆ ಬಂದು ನಿಂತಳು.

“ಅಜ್ಜಾರ, ಕೂಸು ಕಣ್ಣ ತೆರಿವಲ್ದು. ನಿಮ್ಮ ಕೈಲೆ ಒಂದೀಟು ಅಂಗಾರ ಹಚ್ರಿ. ಇದನ್ನ ಉಳಿಸಿ ಕೊಡ್ರಿ.”

ಅಜ್ಜನವರು ಕೈ ತೊಳೆದು ಬಂದು ಕೂಸಿನ ಹಣೆಗೆ ವಿಭೂತಿ ಹಚ್ಚಿದರು. “ತಾಯಿ ಮೊಲಿ ಕೊಟ್ಟಾಳೇನು?”

“ಅದು ಅಂಜಿದ ಹಾಲ್ರಿ ಅಜ್ಜಾರ. ಹೊಳ್ಯಾಗ ಜೀವಾ ಕೈಯಾಗ ಹಿಡಕೊಂಡು ಬಂದಾಕಿ. ವಿಷ ಆಗಿರ್ತದ.”

ಅಜ್ಜನವರು ವಾದಕ್ಕಿಳಿಯಲಿಲ್ಲ. ತಂಬಿಗೆಯ ಕಡೆ ನೋಡಿದರು. “ಇದು ಯಾವ ಆಕಳದು?”

“ನಮ್ದ ರೀ. ದಿನಾ ತರ್ತೀನಲ್ರಿ.”

“ಹೊಳಿ ಈಸಿ ಬಂತಲ್ಲ, ಅದ?”

“ಹೌದ್ರಿ.”

“ಅಂಜಿದ ಆಕಳ ಹಾಲು ಶಿವಗ ನಡೀತದ. ಅಂಜಿದ ತಾಯಿ ಹಾಲು ಕೂಸಿಗೆ ನಡಿಯಂಗಿಲ್ಲೇನವ್ವಾ?”

ಆ ಆಕಳು ಒದರಿದ್ದನ್ನು ಕಿವಿಯಾರೆ ಕೇಳಿದವಳು ಶಿವಗಂಗವ್ವನೇ. ಅದರ ಹಾಲನ್ನು ಮಡಿಯಿಂದ ದೇವರಿಗೆ ತಂದವಳೂ ಅವಳೇ. ತಂಬಿಗೆ ಮುಂದೆ ಹಿಡಿದು, “ಹಂಗಾರ ಈ ಹಾಲ ಕೂಸಿಗೆ ಕುಡಸ್ಲಿ ರೀ?” ಎಂದಳು.

“ಕೂಸಿಗೆ ಬ್ಯಾಡ. ಕಾಸಿ ಅದರ ತಾಯಿಗೆ ಕೊಡು.”

ಅಷ್ಟು ಹೇಳಿ ಅಜ್ಜನವರು ತಮ್ಮ ಪೂಜಾ ಕೋಣೆಗೆ ನಡೆದು, ತಾಯಿ-ಕೂಸಿಗೆ ಜಾಗ ಮಾಡಲು ಅಲ್ಲಿದ್ದುದನ್ನೆಲ್ಲ ಹೊರಗೆ ತರತೊಡಗಿದರು. ಬಾಣಂತಿ ಪೂಜಾ ಕೋಣೆಯೊಳಗೆ ಹೋಗುವುದೆಂದರೆ ಹೇಗೆ ಎಂದು ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರಂತೆ. ಅಜ್ಜನವರು ಗಂಟೆಯನ್ನು ಅವರ ಕೈಗೇ ಕೊಟ್ಟು, “ಅಲ್ಲಿ ಇಡ್ರಿ” ಎಂದರು. ಪಾಪ, ಅವರು ಇಟ್ಟರು. ಬಾಗಿಲಿಗೆ ಅಜ್ಜನವರ ಒಣಗಿದ ಕಾವಿಯೇ ಪರದೆಯಾಯಿತು. ಕಸ್ತೂರಿ ಒಳಗೆ ಹೋದಳು. ಅಜ್ಜನವರು ಪರದೆಗೆ ಬೆನ್ನು ಮಾಡಿ ಹೊಸ್ತಿಲಾಚೆ ಕುಳಿತು, ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆಗೆ ತೊಡಗಿದರು. ಅವರು ಕುಳಿತ ಕಡೆ ಹಾಯುವ ಧೈರ್ಯ ಯಾವ ಗಂಡಸಿಗಿತ್ತು?

ಕೂಸು ಚೀಪಿತು, ಏನೂ ಬರದೆ ಅತ್ತಿತು. “ಬತ್ತಿ ಹೋಗ್ಯಾದ ರೀ ಅಜ್ಜಾರ” ಎಂದು ಕಸ್ತೂರಿ ಒಳಗಿನಿಂದ ಬಿಕ್ಕಿದಳು.

ಅಜ್ಜನವರು ತಿರುಗಿ ನೋಡಲಿಲ್ಲ. “ಬಾಯಿ ಬಿಡಿಸಬ್ಯಾಡ ಮಗಳ. ಕೂಸು ಕರದ್ರ ಬರ್ತದ.”

ನಾವು ಭಕ್ತರು ಪವಾಡಕ್ಕೆ ಬಾಯಿ ಬಿಟ್ಟು ಕೂತವರು. ಆ ಕ್ಷಣವೇ ಹಾಲಿನ ಧಾರೆ ಹರಿಯಿತೆಂದು ಹೇಳುವವರಿದ್ದಾರೆ. ಹಾಗೇನೂ ಆಗಲಿಲ್ಲ. ಶಿವಗಂಗವ್ವ ಸೊಸೆಗೆ ಬಿಸಿ ಹಾಲು ಕುಡಿಸಿದಳು, ಬೆನ್ನು ತಿಕ್ಕಿದಳು, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿದಳು. ಮಧ್ಯಾಹ್ನ ನಾಲ್ಕು ಹನಿ ಕಂಡವು. ಮರುದಿನ ಸಂಜೆಯ ಹೊತ್ತಿಗೆ ಕೂಸು ಗುಟುಕರಿಸುವ ಸದ್ದು ಪರದೆಯಾಚೆಗೂ ಕೇಳಿಸಿತು. ಶಿವಗಂಗವ್ವ ಅಲ್ಲೇ ಕುಸಿದು ಕುಳಿತು, ಸೆರಗು ಬಾಯಿಗೆ ಹಚ್ಚಿ ಅತ್ತಳು. ಎಷ್ಟೋ ದಿನಗಳ ಭಾರ ಇಳಿದ ಅಳು ಅದು. ಅಜ್ಜನವರು ಕಣ್ಣು ಮುಚ್ಚಿ ನಕ್ಕರು. ಕೂಸಿನ ಭೇದಿಯೂ ಬರಬರುತ್ತ ನಿಂತಿತು.

ಸುದ್ದಿ ಪಡಸಾಲೆಗೆ ಹಬ್ಬಿತು. ಮುದುಡಿ ಕುಳಿತಿದ್ದ ಬೇರೆ ಬಾಣಂತಿಯರೂ ಒಬ್ಬೊಬ್ಬರಾಗಿ ಎದ್ದು ಆ ಕೋಣೆಗೆ ಬಂದರು. ಅಜ್ಜನವರು ಮತ್ತೆ ಅಂಗಳದ ಕೆಸರಿನತ್ತ ಹೋದರು. ಹೊಸ್ತಿಲಾಚೆಯ ಅವರ ಜಾಗದಲ್ಲಿ ಶಿವಗಂಗವ್ವ ಬಂದು ಕುಳಿತಳು, ಕಾಸಿದ ಹಾಲಿನ ತಂಬಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡು.

ಗಂಟೆ ಹೊತ್ತಿದ್ದ ಅದೇ ಹಿರಿಯರು ಒಮ್ಮೆ ಮರೆತು ಪರದೆಯ ಬಳಿ ಬಂದರು. ಶಿವಗಂಗವ್ವ ಕೈ ಅಡ್ಡ ಹಿಡಿದಳು.

“ಆ ಕಡೆ ಹೋಗ್ರಿ ಯಪ್ಪಾ. ಒಳಗ ಪೂಜಾ ನಡದದ.”