ಅರಸನಿಗೆ ನಿದ್ದೆ ಬಂದ ಜಗುಲಿ

"ಏಳು ಕೋಟೆ ಹಿಡಿದವನು ನಾನು. ಒಂದು ನಿದ್ದೆ ಹಿಡಿಯಲಾರೆನೆ?" ಎಂದು ಶಂಖಪುರದ ಅರಸ ಮುದ್ದರಸ ಗುಡುಗಿದ.

ತಿಂಗಳಿನಿಂದ ಅವನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಕಡಲ ಗಾಳಿಯಲ್ಲಿ ಕೆಲವು ದಿನ ತೆಪ್ಪಗೆ ಮಲಗಿರಿ ಎಂದು ರಾಜವೈದ್ಯರು ಹೇಳಿದ್ದರಿಂದ ಸವಾರಿ ಬೆಳ್ಳಕ್ಕಿ ನಡುಗಡ್ಡೆಗೆ ಬಂದಿತ್ತು. ಸವಾರಿಯೆಂದರೆ ಅರಸನೊಬ್ಬನೇ ಅಲ್ಲ. ಹೊಸ ದಳವಾಯಿ ಬಿಜ್ಜಣ್ಣ, ಅವನ ಹಿಂದೆ ಕಹಳೆಯವರು, ಹೊಗಳುಭಟರು, ಚಾಮರದವರು, ಅಡುಗೆಯವರು. ಎಲ್ಲರಿಗಿಂತ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆಯುತ್ತಿದ್ದವನು ಆಸ್ಥಾನದ ಜಾಣ ಹೊನ್ನಯ್ಯ.

ಮೊದಲ ದಿನ ತೆಂಗಿನ ತೋಪಿನಲ್ಲಿ ಬಿಡಾರ. ಬೆಳ್ಳನೆಯ ಮರಳು, ತಣ್ಣನೆಯ ನೆರಳು. ಅರಸ ಒರಗಿದ. ರೆಪ್ಪೆ ಭಾರವಾಯಿತು. ಬಾಯಿ ತೆರೆದು ಆಕಳಿಸಿದ.

ಚಟ ಚಟ ಚಟ! ಇಡೀ ಪರಿವಾರ ಚಿಟಿಕೆ ಹೊಡೆಯಿತು. ಕಹಳೆ ಭೋಂ ಎಂದಿತು. "ರಾಜಾಧಿರಾಜ, ಪರಾಕ್!" ಎಂದು ಹೊಗಳುಭಟರು ಕೂಗಿದರು. ಮರದ ಮೇಲಿದ್ದ ಕಾಗೆಗಳೆಲ್ಲ ಕಾ ಕಾ ಎಂದು ಎದ್ದವು.

ಅರಸ ದಡಕ್ಕನೆ ಎದ್ದು ಕೂತ. "ಥೂ, ಈ ಕಾಗೆಗಳು!"

ಅರಸರ ಆಕಳಿಕೆಗೆ ಚಿಟಿಕೆ ಹೊಡೆಯುವುದು ಅರಮನೆಯ ಹಳೆಯ ಪದ್ಧತಿ. ತಿಂಗಳ ಹಿಂದೆ ಬಿಜ್ಜಣ್ಣ ದಳವಾಯಿಯಾದ ಮೇಲೆ ಅದಕ್ಕೆ ಕಹಳೆಯೂ ಪರಾಕೂ ಸೇರಿದ್ದವು. ಅದು ತನಗೆ ಸಲ್ಲುವ ಮರ್ಯಾದೆ ಎಂದು ಅರಸ ತಿಳಿದಿದ್ದ. ಮರ್ಯಾದೆಯೂ ಸದ್ದು ಮಾಡುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಮರುದಿನ ಬಂಡೆಯ ನೆರಳಿಗೆ ಹೋದರು. ಅಲ್ಲೂ ಆಕಳಿಕೆ, ಅಲ್ಲೂ ಕಹಳೆ. ಈ ಸಲ ದೂರದ ಮೀನುಗಾರರ ಕೇರಿಯಲ್ಲಿ ನಾಯಿಗಳು ಬೊಗಳಿದವು.

"ಪ್ರಭು, ಕಾರಣ ಸಿಕ್ಕಿತು!" ಎಂದ ಬಿಜ್ಜಣ್ಣ. "ಆ ಕೇರಿಯೇ ಕಾರಣ. ನಾಯಿ, ಕೋಳಿ, ಮಕ್ಕಳು, ಜಗಳ! ನಾಳೆಯೇ ಎಬ್ಬಿಸಿ ಆಚೆ ದಂಡೆಗೆ ಅಟ್ಟಿಬಿಡುತ್ತೇನೆ."

"ಆಚೆ ದಂಡೆಯಲ್ಲಿ ಸಿಹಿನೀರಿಲ್ಲ, ಪ್ರಭು" ಎಂದ ಹೊನ್ನಯ್ಯ.

ಅರಸ ಕೆಂಪಗಾದ ಕಣ್ಣನ್ನು ಅವನ ಕಡೆ ತಿರುಗಿಸಿದ. "ಹಾಗಾದರೆ ನೀನೇ ಒಂದು ಜಾಗ ತೋರಿಸು. ಕಡಲ ಅಂಚಿಗೇ ಇರಬೇಕು. ನನ್ನ ನಿದ್ದೆ ಕೆಡಿಸುವ ಒಂದೇ ಒಂದು ಸದ್ದೂ ಇರಬಾರದು. ನಾಳೆ ಸಂಜೆಯೊಳಗೆ ನನಗೆ ನಿದ್ದೆ ಬರದಿದ್ದರೆ ಕೇರಿ ಏಳುತ್ತದೆ."

ಹೊನ್ನಯ್ಯ ನೇರ ಕೇರಿಗೆ ನಡೆದ. ಅಲ್ಲಿಯ ಹಿರಿಯಳು ದುಗ್ಗಜ್ಜಿ ಮೀನಿಗೆ ಉಪ್ಪು ಸವರುತ್ತ ಕೂತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಎದ್ದು ಹೋಗೋಕೆ ಏನಯ್ಯಾ, ಗುಡಿಸಲಂದ್ರೆ ನಾಲ್ಕು ಗಳ, ನಾಲ್ಕು ತೆಂಗಿನ ಮಡಲು. ಆದರೆ ನನ್ನ ಮಗ ದೋಣಿ ಇಳಿಸಿದ್ದು ಈ ದಂಡೆಯಿಂದ. ಬಂದರೆ ಇಲ್ಲಿಗೇ ಬರ್ತಾನೆ. ಬಂದಾಗ ಮನೆಯೇ ಇಲ್ಲದಿದ್ದರೆ?"

ಮಗ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಹೊನ್ನಯ್ಯ ಅವಳ ಜಗುಲಿಯನ್ನು ಕಣ್ಣಲ್ಲೇ ಅಳೆದ. ಆಮೇಲೆ, "ಅಜ್ಜಿ, ನಾಳೆ ನಿನ್ನ ಜಗುಲಿಗೆ ಒಬ್ಬ ನೆಂಟನನ್ನು ಕರೆತರಲೆ?" ಎಂದ.

"ಕರೆದುಕೊಂಡು ಬಾ. ಮೀನಿದೆ, ಗಂಜಿಯಿದೆ."

ಬೆಳಿಗ್ಗೆ ಅವನು ಅರಸನ ಮುಂದೆ ಕೈಮುಗಿದ. "ಜಾಗ ಸಿಕ್ಕಿತು, ಪ್ರಭು. ಆದರೆ ಅಲ್ಲಿ ಒಬ್ಬರು ಮಲಗುವಷ್ಟೇ ಸ್ಥಳ. ಕಿರೀಟಕ್ಕೂ ಎಡೆಯಿಲ್ಲ."

"ಕಾವಲಿಲ್ಲದೆ ಅರಸರು ಹೋಗುವುದೆ?" ಎಂದು ಬಿಜ್ಜಣ್ಣ ಹಾರಾಡಿದ.

"ಸುತ್ತ ಕಡಲೇ ಇದೆಯಲ್ಲ, ದಳವಾಯಿಗಳೇ. ಶತ್ರು ಈಜಿ ಬಂದರೂ ದಣಿದು ಮೊದಲು ಮಲಗಲು ಜಾಗ ಕೇಳುತ್ತಾನೆ."

"ಸಾಕು, ನಡೆ!" ಎಂದು ಅರಸ ಕಿರೀಟ ಕಳಚಿಟ್ಟು, ಹೊನ್ನಯ್ಯ ಚಾಚಿದ ಸಾದಾ ಹಚ್ಚಡವನ್ನು ಕೊರಳ ಹಾರ ಮುಚ್ಚುವಂತೆ ಹೊದ್ದ.

ದೋಣಿಯಲ್ಲಿ ಸುತ್ತುಹಾಕಿ ಕೇರಿಯ ಹಿಂಬದಿಯಿಂದ ಅಜ್ಜಿಯ ಜಗುಲಿಗೆ ಬಂದರು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಮಕ್ಕಳು ಕಿರುಚುತ್ತ ಓಡುತ್ತಿದ್ದರು. ಇಬ್ಬರು ಹೆಂಗಸರು ಒಂದು ಬುಟ್ಟಿಗಾಗಿ ಜಗಳವಾಡುತ್ತಿದ್ದರು.

"ಇದಾ ನಿನ್ನ ಸದ್ದಿಲ್ಲದ ಜಾಗ?"

"ಒಂದು ಗಳಿಗೆ ಒರಗಿ ನೋಡಿ, ಪ್ರಭು" ಎಂದು ಹೊನ್ನಯ್ಯ ಪಿಸುಗುಟ್ಟಿದ.

ದುಗ್ಗಜ್ಜಿ ನೆಂಟನ ಮುಖ ನೋಡಿದಳು. "ಅಯ್ಯೋ ಪಾಪ, ಕಣ್ಣು ಹಳಸಿದ ಬಂಗುಡೆ ಮೀನಿನ ಕಣ್ಣಿನ ಹಾಗಾಗಿದೆ! ಮನೆಯಲ್ಲಿ ಮಲಗೋಕೆ ಬಿಡೋದಿಲ್ಲವಾ?" ಒಳಗಿನಿಂದ ಸುತ್ತಿಟ್ಟಿದ್ದ ಚಾಪೆಯೊಂದನ್ನು ತಂದು, ಕೈಯಿಂದ ಒಮ್ಮೆ ಸವರಿ ಹಾಸಿದಳು. "ಮಲಗು ಮಗ. ಸಾರು ಕುದಿದಾಗ ಎಬ್ಬಿಸ್ತೇನೆ."

ಅರಸನನ್ನು ಯಾರಾದರೂ ಹಾಗೆ ಕರೆದು ಬಹಳ ಕಾಲವಾಗಿತ್ತು. ಅವನು ಮಲಗಿದ, ಆಕಳಿಸಿದ. ಯಾರೂ ತಿರುಗಿ ನೋಡಲಿಲ್ಲ. ಕೋಳಿ ಕೆದಕುತ್ತಲೇ ಇತ್ತು. ಬುಟ್ಟಿಯ ಜಗಳ ತೀರುವ ಮೊದಲೇ ಗೊರಕೆ ಶುರುವಾಯಿತು.

ಹೊತ್ತು ಇಳಿಯುವಾಗ, ಸಂಜೆಯ ಗಡುವು ಮುಗಿಯಿತೆಂದು ಬಿಜ್ಜಣ್ಣ ಆಳುಗಳೊಡನೆ ಕೇರಿಗೆ ನುಗ್ಗಿದ. ಜಗುಲಿಯ ಮೇಲೆ ಅರಸನನ್ನು ಕಂಡು ಅವನ ಕಾಲು ನಿಂತಲ್ಲೇ ನಿಂತಿತು. ಅರಸ ಆಗಷ್ಟೇ ಕಣ್ಣು ಬಿಟ್ಟಿದ್ದ.

"ಪ್ರಭು... ಎಬ್ಬಿಸಲು ಅಪ್ಪಣೆಯೆ?"

"ನಾನು ಎದ್ದಿದ್ದೇನಲ್ಲ!"

"ತಮ್ಮನ್ನಲ್ಲ. ತಮ್ಮ ನಿದ್ದೆ ಕೆಡಿಸಿದ ಈ ಕೇರಿಯನ್ನು."

ಅರಸ ಸುತ್ತ ನೋಡಿದ. ಕೋಳಿ, ಮಕ್ಕಳು, ಜಗಳ, ಎಲ್ಲವೂ ಹಾಗೆಯೇ ಇದ್ದವು. "ಇದೇ ಆ ಕೇರಿಯೆ? ಹೊನ್ನಯ್ಯ, ಇಷ್ಟು ಗದ್ದಲದಲ್ಲಿ ನನಗೆ ನಿದ್ದೆ ಹೇಗೆ ಬಂತು?"

"ಇವರು ತಮ್ಮ ಕೆಲಸಕ್ಕೆ ಸದ್ದು ಮಾಡುತ್ತಾರೆ, ಪ್ರಭು. ನಮ್ಮವರು ನಿಮ್ಮ ಆಕಳಿಕೆಯನ್ನೇ ಕಾದು ಕೂತು ಸದ್ದು ಮಾಡುತ್ತಾರೆ."

ಬಿಜ್ಜಣ್ಣನ ಮೀಸೆ ಅದುರಿತು. "ಅದು ಸದ್ದಲ್ಲ ಪ್ರಭು, ರಕ್ಷೆ! ಆಕಳಿಸಿದಾಗ ಚಿಟಿಕೆ ಹೊಡೆಯದಿದ್ದರೆ ತೆರೆದ ಬಾಯಿಯಿಂದ ಪ್ರಾಣ ಹೊರಟುಹೋದೀತು!"

"ಹೌದೆ?" ಎಂದ ಹೊನ್ನಯ್ಯ ವಿನಯದಿಂದ. "ಪ್ರಭುಗಳು ಮಧ್ಯಾಹ್ನದಿಂದ ಬಾಯಿ ತೆರೆದೇ ಗೊರಕೆ ಹೊಡೆದರು. ಬಾಗಿಲು ಅಷ್ಟು ಹೊತ್ತು ತೆರೆದಿದ್ದರೂ ಪ್ರಾಣ ಹೊಸಿಲು ದಾಟಲಿಲ್ಲ, ದಳವಾಯಿಗಳೇ. ಅದಕ್ಕೂ ಈ ಜಗುಲಿ ಹಿಡಿಸಿರಬೇಕು."

ಅರಸ ಹೊಟ್ಟೆ ಹಿಡಿದು ನಕ್ಕ. ಆ ನಗುವಿಗೆ ಅಂಗಳದ ಕೋಳಿಗಳೆಲ್ಲ ಚದುರಿದವು. ನಕ್ಕು ಮುಗಿದ ಮೇಲೆ ತನ್ನ ಕೊರಳ ಮುತ್ತಿನ ಹಾರ ತೆಗೆದು ಹೊನ್ನಯ್ಯನಿಗೆ ಹಾಕಿದ. ಈ ಕೇರಿಯ ಒಂದು ಗಳವನ್ನೂ ಯಾರೂ ಮುಟ್ಟಕೂಡದೆಂದು ಅಪ್ಪಣೆ ಕೊಟ್ಟ. ಅರಸನ ಮಾತಿನಂತೆ ಕಹಳೆಯವರೂ ಹೊಗಳುಭಟರೂ ದಳವಾಯಿಯ ಸಮೇತ ಅಂದೇ ಶಂಖಪುರಕ್ಕೆ ಮರಳಲು ದೋಣಿ ಹತ್ತಿದರು.

ನೆಂಟ ಯಾರೆಂದು ತಿಳಿದು ಕೇರಿಗೆ ಕೇರಿಯೇ ಬೆರಗಾಗಿ ನಿಂತಿತ್ತು. ದುಗ್ಗಜ್ಜಿ ಮಾತ್ರ ಒಳಗಿನಿಂದ ಕೂಗಿದಳು:

"ಅರಸನಾದರೇನು, ಕೈ ತೊಳೆದು ಬಾ ಮಗ. ಸಾರು ಆರ್ತಾ ಇದೆ!"