ಅಮೃತಶಿಲೆಯ ಅಡುಗೆ ಕಟ್ಟೆ

"ಗುರುಗಳೇ, ಆರು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಮನಸ್ಸು ತಿಳಿಯಾಗಿದೆ. ಈಗಲೇ ನನ್ನನ್ನು ದಾಸೋಹದ ಅಡುಗೆಮನೆಗೆ ಏಕೆ ಕಳುಹಿಸುತ್ತೀರಿ? ಅಲ್ಲಿಯ ಗದ್ದಲ, ಜಗಳ ಅಂಟಿಕೊಂಡರೆ ಈ ತಿಳಿ ಉಳಿದೀತೇ?"

ಶಿಷ್ಯ ಓಡುತ್ತಲೇ ಬಂದಿದ್ದ. ಮರುದಿನದಿಂದ ಮಠಕ್ಕೆ ಬಂದವರಿಗೆಲ್ಲ ಬೇಯಿಸಿ ಬಡಿಸುವ ಹೊಣೆ ಅವನದೆಂದು ಅಪ್ಪಣೆಯಾಗಿತ್ತು. ಅದನ್ನು ಬೇರೆ ಯಾರಿಗಾದರೂ ಒಪ್ಪಿಸಿರೆಂದು ಬೇಡಿಕೊಳ್ಳಲು ಬಂದಿದ್ದ. ಗುರು ಅವನಿಗೆ ಕೂರಲು ಹೇಳಿ ಒಂದು ಕತೆ ತೆಗೆದರು.

ಒಬ್ಬ ಗೃಹಿಣಿ ಹಳೆಯ ಮನೆಯೊಂದರಲ್ಲಿ ಇಪ್ಪತ್ತಾರು ವರ್ಷ ನೆಲದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೇಯಿಸಿದ್ದಳು. ಆ ಕೋಣೆಯಲ್ಲಿ ಹಗಲಿನಲ್ಲೂ ಕತ್ತಲೆ. ಅವಳಿಗಿದ್ದದ್ದು ಒಂದೇ ಆಸೆ: ಬೆಳಕಿನಲ್ಲಿ ನಿಂತು ಅಡುಗೆ ಮಾಡಬೇಕು. ಕೊನೆಗೊಮ್ಮೆ ಮನೆಯವರು ಒಪ್ಪಿದರು. ನೆಲದ ಒಲೆ ಕಿತ್ತರು. ಗೋಡೆಗೆ ಕಿಟಕಿ ಬಂತು, ಮಾಡಿಗೆ ಗಾಜಿನ ಹೆಂಚು ಬಂತು, ಗ್ಯಾಸಿನ ಒಲೆ ಬಂತು, ಅದನ್ನು ಇಡಲು ಸೊಂಟದೆತ್ತರದ ಕಟ್ಟೆ ಎದ್ದಿತು. ಕಟ್ಟೆಯ ಮೇಲೆ ಹಾಸುವ ಕಲ್ಲು ಯಾವುದು ಎಂಬುದೊಂದು ಉಳಿಯಿತು. ಅದನ್ನು ಆರಿಸುವವಳು ನಾನೇ ಎಂದಳು ಗೃಹಿಣಿ.

ಸಂಭ್ರಮಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲ್ಲಿನ ಅಂಗಡಿಯಿಂದ ನಾಲ್ಕು ತುಂಡು ತಂದಳು: ಕರಿಯ ಗ್ರಾನೈಟ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಬಿಳಿಯ ಅಮೃತಶಿಲೆ. ಜಗಲಿಯಲ್ಲಿ ಸಾಲಾಗಿ ಇಟ್ಟು ಪರೀಕ್ಷೆಗೆ ಕೂತಳು. ಒಂದೊಂದರ ಮೇಲೂ ಅರಿಶಿನ ಕಲಸಿ ಹಚ್ಚಿದಳು. ನಿಂಬೆಯ ಹೋಳು ಕವುಚಿಟ್ಟಳು. ಎಣ್ಣೆ ಕಾದ ಬಾಣಲೆಯನ್ನು ಹಾಗೆಯೇ ತಂದು ಕೂರಿಸಿದಳು. ಅರೆಯುವ ಗುಂಡನ್ನು ಒಂದು ಗೇಣು ಮೇಲಿಂದ ಬಿಟ್ಟಳು. ಕಂಡದ್ದನ್ನೆಲ್ಲ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಳು. ಅಳಿಯನನ್ನು ಆರಿಸುವಾಗ ನಿಮ್ಮಪ್ಪ ಇಷ್ಟು ಪರೀಕ್ಷೆ ಮಾಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ಗಂಡ ನಕ್ಕ. ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ.

ಪುಸ್ತಕ ಸ್ಪಷ್ಟವಾಗಿತ್ತು. ಕಡಪ ಸೀಳು ಬಿಟ್ಟಿತು. ಶಹಾಬಾದ್ ಎಣ್ಣೆ ಕುಡಿಯಿತು. ಅಮೃತಶಿಲೆಯಲ್ಲಿ ಅರಿಶಿನ ಇಳಿದು ಕೂತಿತು, ನಿಂಬೆ ತಗುಲಿದಲ್ಲಿ ಹೊಳಪು ಸತ್ತಿತು. ಗ್ರಾನೈಟ್ ನಾಲ್ಕು ಪರೀಕ್ಷೆಗಳನ್ನೂ ಗೆದ್ದಿತು. 'ಗ್ರಾನೈಟ್' ಎಂದು ಬರೆದು ಕೆಳಗೆ ಗೆರೆ ಎಳೆದಳು. ಆಮೇಲೆ, ನೋಡಿಯಾದರೂ ನೋಡೋಣವೆಂದು, ಅಮೃತಶಿಲೆಯ ತುಂಡನ್ನು ತೊಳೆದು ಒಳಗೆ ಕಟ್ಟೆಯ ಮೇಲಿಟ್ಟಳು. ಗಾಜಿನ ಹೆಂಚಿನ ಬಿಸಿಲು ಅದರ ಮೇಲೆ ಬಿತ್ತು. ಕೋಣೆಯೆಲ್ಲ ಹಾಲು ಚೆಲ್ಲಿದಂತಾಯಿತು. ಇಪ್ಪತ್ತಾರು ವರ್ಷದ ಮಸಿ ಒಂದೇ ಗಳಿಗೆಯಲ್ಲಿ ಅವಳ ಎದೆಯಿಂದ ಇಳಿಯಿತು.

ಅವಳು ಪುಸ್ತಕ ಮುಚ್ಚಿದಳು.

ಅಮೃತಶಿಲೆಯೇ ಬಂತು. ಬೀದಿಯ ಹೆಂಗಸರೆಲ್ಲ ಬಂದು ನೋಡಿದರು. ಗೃಹಿಣಿ ಒಬ್ಬೊಬ್ಬರನ್ನೂ ಕೈಹಿಡಿದು ಕರೆದೊಯ್ದು ತೋರಿಸಿದಳು. ಆದರೆ ತಾನು ಬರೆದದ್ದನ್ನು ಅವಳು ಮರೆತಿರಲಿಲ್ಲ. ಮೊದಲ ವಾರ ಅರಿಶಿನದ ಡಬ್ಬಿ ಕಟ್ಟೆಯಿಂದ ಇಳಿಯಿತು. ಎರಡನೆಯ ವಾರ ನಿಂಬೆ ಇಳಿಯಿತು, ಹುಣಸೆ ಇಳಿಯಿತು. ಒಗ್ಗರಣೆ ಸಿಡಿದೀತೆಂದು ಹೊಸ ಒಲೆಯನ್ನು ಹಚ್ಚುವುದೂ ನಿಂತಿತು. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮೂರು ಇಟ್ಟಿಗೆಯ ಒಲೆ ಹೂಡಿ ಅವಳು ಮತ್ತೆ ಕುಕ್ಕರಗಾಲಿನಲ್ಲಿ ಕೂತಳು. ದಿನವೂ ಪುಸ್ತಕದಲ್ಲಿ ಬರೆದಳು: 'ಕಲೆ ಇಲ್ಲ.'

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಮಧ್ಯಾಹ್ನ ನಾದಿನಿ ಬಂದಳು. ಅವಳ ಬೆನ್ನಿಗೇ ಊರೂರು ಅಲೆಯುವ ಜಂಗಮನೊಬ್ಬ ಹಸಿದು ಬಾಗಿಲಿಗೆ ಬಂದ. ಅವನನ್ನು ಬರಮಾಡಿಕೊಳ್ಳಲು ಗೃಹಿಣಿ ಏಳಲು ನೋಡಿದಳು. ಮೊಣಕಾಲು ಹಿಡಿದುಕೊಂಡಿತ್ತು. ಒಗೆಯುವ ಕಲ್ಲಿಗೆ ಕೈಯೂರಿ ಹೇಗೋ ಎದ್ದಳು. ನಾದಿನಿ ಒಳಗಿನ ಬಿಳಿಯ ಕಟ್ಟೆಯನ್ನು ನೋಡಿದಳು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಇವಳನ್ನೂ ನೋಡಿದಳು.

"ಅತ್ತಿಗೆ, ದೇವರ ಕೋಣೆಯನ್ನೇನೋ ಚೆನ್ನಾಗಿ ಕಟ್ಟಿಸಿದ್ದೀರಿ. ಅಡುಗೆಮನೆ ಯಾವಾಗ ಕಟ್ಟಿಸುತ್ತೀರಿ?"

ಗೃಹಿಣಿಯ ಮುಖ ಕೆಂಪಾಯಿತು. ಮರುಗಳಿಗೆಯೇ ಅವಳಿಗೆ ನಗು ಬಂತು. ಬೆಂದ ಬೇಳೆಯ ಪಾತ್ರೆಯನ್ನು ಎತ್ತಿಕೊಂಡು ಒಳಗೆ ನಡೆದಳು. ಅರಿಶಿನದ ಡಬ್ಬಿ ತರಲು ನಾದಿನಿಗೆ ಹೇಳಿದಳು. ಹೊಸ ಒಲೆ ಹಚ್ಚಿ, ಕಟ್ಟೆಯ ಮುಂದೆ ನೆಟ್ಟಗೆ ನಿಂತಳು. ಬಿಸಿಲು ಅವಳ ಕೈಗಳ ಮೇಲೆ ಬಿತ್ತು. ಅರಿಶಿನ ಹಾಕಿದಳು, ಒಗ್ಗರಣೆ ಸಿಡಿಸಿದಳು. ಬರಿಯ ಕಲ್ಲಿನ ಮೇಲೆಯೇ ನಿಂಬೆಹಣ್ಣನ್ನಿಟ್ಟು ಎರಡು ಹೋಳು ಮಾಡಿದಳು. ರಸ ಹರಿದಲ್ಲಿ ಹೊಳಪು ಸತ್ತಿತು. ಅವಳು ಮೊಣಕಾಲು ಹಿಡಿದದ್ದನ್ನೂ ಮರೆತು ಓಡಿ ಪುಸ್ತಕ ತಂದಳು. ದಿನಾಂಕ ಹಾಕಿ ದೊಡ್ಡ ಅಕ್ಷರದಲ್ಲಿ ಬರೆದಳು: 'ಮೊದಲ ಕಲೆ. ನಿಂಬೆಯದು. ಅಡುಗೆಮನೆ ಇಂದು ಶುರು.'

ಗುರು ಕತೆ ಮುಗಿಸಿದರು. ಶಿಷ್ಯನಿಗೆ ಮನಸ್ಸು ತಡೆಯಲಿಲ್ಲ. ಆ ಕಲೆ ಕೊನೆಗಾದರೂ ಹೋಯಿತೇ ಎಂದು ಕೇಳಿದ.

"ನಾನು ಕಟ್ಟೆಯನ್ನು ನೋಡಲಿಲ್ಲಪ್ಪ, ಸಾರನ್ನು ಎರಡು ಸಲ ಹಾಕಿಸಿಕೊಂಡೆ."